ಅಕ್ಕ ಓದಬೇಕಿದ್ದ ಪುಟ, ಮಾವ ಕೇಳಿದ ಕಾರಣ

ಕಳೆದ ಶನಿವಾರ ಕುರುಗೋಡಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಇಳಿದವನನ್ನು ನನ್ನದೇ ದನಿ ಅಟ್ಟಿಸಿಕೊಂಡು ಬಂತು.

ಸುಳ್ಳಲ್ಲ. ನೆತ್ತಿಯ ಮೇಲೆ ಎರಡು ಮೈಕು ಕಟ್ಟಿಕೊಂಡ ಪ್ರಚಾರದ ಆಟೋ. ಅದರೊಳಗಿಂದ ಒಬ್ಬ ಮುದುಕ ಕೆಮ್ಮುತ್ತಾ ಕೇಳುತ್ತಾನೆ: “ಏನವ್ವಾ ಮೊಮ್ಮಗಳಾ, ಅದೇನದು ಡಿಎನ್‌ಎಸ್ಸು?” ಎಳೆಯ ಹುಡುಗಿಯೊಬ್ಬಳು ಉಲಿಯುತ್ತಾಳೆ: “ಅಜ್ಜಾ, ಅದು ಕೆಟ್ಟದ್ದನ್ನ ನಮ್ಮ ಮನಿ ಒಳಗ ಬಿಡಂಗಿಲ್ಲ! ಸರ್ಕಾರದ್ದೇ ಭರವಸಿ ಐತಿ!” ಕೊನೆಗೆ ಪೊಲೀಸನ ಗಡಸು ದನಿ: “ಕೆಟ್ಟ ಸೈಟು? ಬಂದ್!”

ಮುದುಕ ನಾನೇ. ಹುಡುಗಿ ನಾನೇ. ಪೊಲೀಸನೂ ನಾನೇ. (ಕೆಮ್ಮು ಮಾತ್ರ ಅಸಲಿ. ಅವತ್ತು ನೆಗಡಿಯಾಗಿತ್ತು.)

ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ, ಬೇರೆಯವರ ದನಿಯಲ್ಲಿ ಮಾತಾಡುವುದು ನನ್ನ ಕಸುಬು. ಮದುವೆ, ನಿವೃತ್ತಿ ಸಮಾರಂಭ, ಕಾಲೇಜು ಡೇ, ಎಲ್ಲಿ ಮೈಕು ಕೊಟ್ಟರೂ ಯಾರನ್ನಾದರೂ ಅಣಕಿಸಿ ಇಳಿಯುತ್ತೇನೆ. ನಮ್ಮ ಭಾಗದ ಒಂದು ಕೇಬಲ್ ಇಂಟರ್ನೆಟ್ ಕಂಪನಿಯವರು (ಹೆಸರು ಬೇಡ, ನಮ್ಮ ಮನೆಗೂ ಅವರದೇ ವೈರು) ಜಾಹೀರಾತು ಮಾಡಿಕೊಡು ಅಂದರು. ಮಾಡಿಕೊಟ್ಟೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಮೂರೂ ಕಡೆ ನನ್ನ ಮೂರು ದನಿಗಳು ಆಟೋ ಹತ್ತಿ ತಿರುಗಿದವು. ಅಣ್ಣಂದಿರು, ಅಕ್ಕಂದಿರು ಕೇಳಿ ನಕ್ಕರು. ಕೇಬಲ್ ಕಂಪನಿ ತನ್ನೆಲ್ಲ ಗ್ರಾಹಕರನ್ನೂ ಸರ್ಕಾರದ ಆ ಹೊಸ ಡಿಎನ್‌ಎಸ್ಸಿಗೆ ಸೇರಿಸಿಬಿಟ್ಟಿತು.

ಹಾಗೆ ಸೇರಿಸಲ್ಪಟ್ಟವರಲ್ಲಿ ನನ್ನ ಅಕ್ಕನೂ ಒಬ್ಬಳು. ಶನಿವಾರ ನಾನು ಹೊರಟಿದ್ದು ಅವಳ ಮನೆಗೇ. ಕ್ಷಮೆ ಕೇಳಲಿಕ್ಕೆ.

ಈ ಡಿಎನ್‌ಎಸ್ ಅಂದರೇನು ಅಂತ ಜಾಹೀರಾತು ಮಾಡುವಾಗ ನನಗೂ ಗೊತ್ತಿರಲಿಲ್ಲ. (ಮಿಮಿಕ್ರಿಯವನಿಗೆ ಅರ್ಥ ಯಾಕೆ? ದನಿ ಸಾಕು.) ಆಮೇಲೆ ತಿಳಿದುಕೊಂಡೆ. ಬಳ್ಳಾರಿಯ ಬ್ರೂಸ್‌ಪೇಟೆಗೆ ಹೊಸಬರು ಬಂದರೆ ಏನು ಮಾಡುತ್ತಾರೆ? ಓಣಿಯ ಬಾಯಲ್ಲಿ ಕೂತ ಹೂವಿನವರನ್ನು ಕೇಳುತ್ತಾರೆ, ಬೆಲ್ಲದ ಹೋಲ್‌ಸೇಲ್ ಅಂಗಡಿ ಎಲ್ಲಿ ಅಂತ. ಅವರು ಹೂ ಕಟ್ಟುತ್ತಲೇ ಗದ್ದ ಎತ್ತಿ ದಾರಿ ತೋರಿಸುತ್ತಾರೆ. ಇಂಟರ್ನೆಟ್ಟಿನಲ್ಲೂ ಅಷ್ಟೇ. ನಾವು ಸೈಟಿನ ಹೆಸರು ಹೊಡೆಯುತ್ತೇವೆ. ಯಂತ್ರಕ್ಕೆ ಹೆಸರು ತಿಳಿಯುವುದಿಲ್ಲ, ನಂಬರ್ ಬೇಕು. ಆ ನಂಬರ್ ಹೇಳುವವನೇ ಡಿಎನ್‌ಎಸ್. ಹೊಸ ಸೈಟು ಬೇಕಾದಾಗೆಲ್ಲ ಅವನನ್ನು ಕೇಳಿಯೇ ಮುಂದೆ ಹೋಗಬೇಕು.

ಅಂದರೆ ಯಾರ ಮನೆಯವರು ಎಲ್ಲೆಲ್ಲಿಗೆ ಹೋಗಿ ಬಂದರು ಅನ್ನುವುದು ಅವನಿಗೆ ಗೊತ್ತು. ಮನಸ್ಸು ಮಾಡಿದರೆ ಬರೆದಿಟ್ಟುಕೊಳ್ಳಬಲ್ಲ. ಇನ್ನೂ ಒಂದು ಮಾಡಬಲ್ಲ. “ಅಂಥಾ ಅಂಗಡಿ ಇಲ್ಲಿಲ್ಲ” ಅಂದುಬಿಡಬಲ್ಲ. ಅಂಗಡಿ ಬಾಗಿಲು ತೆರೆದೇ ಇರುತ್ತದೆ. ನಾವು ಮಾತ್ರ ಚೀಲ ಮಡಚಿಕೊಂಡು ವಾಪಸ್ಸು ಬರುತ್ತೇವೆ.

ಬಹಳ ಕಡೆ ಈ ಕೆಲಸ ಮಾಡುತ್ತಿರುವುದು ದೊಡ್ಡ ದೊಡ್ಡ ವಿದೇಶಿ ಕಂಪನಿಗಳು. ನಮ್ಮ ಜನರ ಓಡಾಟ ಅವರಿಗೇಕೆ ತಿಳಿಯಬೇಕು, ನಮ್ಮದೇ ಒಂದಿರಲಿ ಅನ್ನುವುದು ಸರ್ಕಾರಗಳ ವಾದ. ಒಪ್ಪೋಣ. ನಮ್ಮಪ್ಪ ಪಾರ್ವತಿನಗರದ ಮನೆಯಲ್ಲಿ ಕೂತು ‘ನಿಮ್ಮ ಸಿಮ್ ಇಂದೇ ಬಂದ್ ಆಗಲಿದೆ’ ಅಂತ ಬಂದ ಮೋಸದ ಲಿಂಕನ್ನು ಭಕ್ತಿಯಿಂದ ಒತ್ತಿದ್ದರು. ಹೊಸ ಡಿಎನ್‌ಎಸ್ ಅದನ್ನು ತಡೆಯಿತು. ಅಪ್ಪ ಉಳಿದರು. ಇದನ್ನು ನಾನು ಮರೆಮಾಚುವುದಿಲ್ಲ. ಬಾಗಿಲಿಗೆ ಕಾವಲುಗಾರ ಇರುವುದು ಒಳ್ಳೆಯದೇ.

ಆದರೆ ಕಾವಲುಗಾರ ಕಳ್ಳನನ್ನು ತಡೆದ ಮೇಲೆ ಸುಮ್ಮನೆ ಕೂರುತ್ತಾನೆಯೇ? ಮನೆಯವರು ಹೊರಗೆ ಹೋಗುವಾಗಲೂ ಕೇಳಲು ಶುರು ಮಾಡುತ್ತಾನೆ.

ಈಗ ಅಕ್ಕನ ವಿಷಯ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಸುವರ್ಣ ಅಂತ ಇಟ್ಟುಕೊಳ್ಳಿ. ಕುರುಗೋಡಿನಲ್ಲಿ ಗಂಡನ ಮನೆ. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಮೂರನೇ ಕ್ಲಾಸು, ಚಿಕ್ಕವಳು ಅಂಗನವಾಡಿ. ಮನೆಯಲ್ಲಿ ಎಲ್ಲರೂ ಒಳ್ಳೆಯವರು. ಆ ಒಳ್ಳೆಯವರೆಲ್ಲ ಸೇರಿಕೊಂಡು ಎರಡು ವರ್ಷದಿಂದ “ಇನ್ನೊಂದು ಗಂಡಾಗಿಬಿಟ್ರ ಮುಗೀತು” ಅನ್ನುತ್ತಿದ್ದರು.

ಮೂರನೆಯದು ಬೇಕೋ ಬೇಡವೋ ಅಂತ ಅಕ್ಕ ಇನ್ನೂ ತೀರ್ಮಾನ ಮಾಡಿರಲಿಲ್ಲ. ತೀರ್ಮಾನ ಮಾಡಬೇಕಾದವಳು ತಾನು ಅನ್ನುವುದನ್ನು ಮಾತ್ರ ತೀರ್ಮಾನಿಸಿದ್ದಳು. ಸದ್ಯಕ್ಕೆ ಬೇಡ ಅಂದರೆ ಏನು ದಾರಿ? ಕಾಪರ್ ಟಿ ಹಾಕಿಸಿಕೊಂಡರೆ ನಡು ನೋಯುತ್ತದೆಯೇ? ಬೇಕಾದಾಗ ತೆಗೆಸಬಹುದೇ? ಇಂಜೆಕ್ಷನ್ ಅಂತಾರಲ್ಲ, ಅದು ಹೇಗೆ? ಮೊದಲು ತಾನು ಓದಿ ತಿಳಿಯಬೇಕು, ಆಮೇಲೆ ಗಂಡನ ಹತ್ತಿರ ಮಾತಾಡಬೇಕು, ಆಮೇಲೆ ಬಳ್ಳಾರಿಯ ಲೇಡಿ ಡಾಕ್ಟರು. ಇಷ್ಟೇ ಅವಳ ಯೋಜನೆ. ಮೂರೇ ಮೆಟ್ಟಿಲು. ಮೊದಲನೆಯದನ್ನೇ ಹತ್ತಲಾಗಲಿಲ್ಲ.

ಹೆಣ್ಣುಮಕ್ಕಳ ಆರೋಗ್ಯದ ಬಗ್ಗೆ ಕನ್ನಡದಲ್ಲಿ ವೈದ್ಯರೇ ಬರೆದ ಒಂದು ಸೈಟು. ಗೆಳತಿಯೊಬ್ಬಳು ಹೇಳಿದ್ದಳು. ಅಕ್ಕ ತೆರೆದರೆ ಬಿಳಿ ಪರದೆಯ ಮೇಲೆ ಗುರಾಣಿ ಹಿಡಿದ ಗೊಂಬೆ: ‘ನಿಮ್ಮ ಕುಟುಂಬದ ಸುರಕ್ಷತೆಗಾಗಿ ಈ ಸೈಟನ್ನು ತಡೆಹಿಡಿಯಲಾಗಿದೆ. ವರ್ಗ: ವಯಸ್ಕರಿಗೆ ಮಾತ್ರ.’

ಮೂವತ್ತೊಂದು ವರ್ಷದ, ಎರಡು ಹೆತ್ತ ಹೆಂಗಸು ಇನ್ನೆಷ್ಟು ವಯಸ್ಕಳಾಗಬೇಕು ಸ್ವಾಮಿ?

ಅಕ್ಕನ ಮನೆಯ ಎದುರಿಗೇ ಸರ್ಕಾರಿ ಆಸ್ಪತ್ರೆಯ ಕಾಂಪೌಂಡು. ಅದರ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ. ಅಪ್ಪ, ಅಮ್ಮ, ಮಕ್ಕಳು ನಗುತ್ತಿರುವ ಚಿತ್ರ. ಗೋಡೆ ತುಂಬಾ ಬರೆದು ಹೇಳುವ ಸರ್ಕಾರವೇ ಅದನ್ನು ಫೋನಿನಲ್ಲಿ ಓದಹೋದವಳ ಕಣ್ಣಿಗೆ ಕೈ ಅಡ್ಡ ಹಿಡಿಯುತ್ತದೆ. ಎರಡು ಕೈಗೂ ಪರಸ್ಪರ ಪರಿಚಯ ಇದ್ದಂತಿಲ್ಲ.

ಅಕ್ಕ ನನಗೆ ಫೋನ್ ಮಾಡಿದಳು. ಮೊದಲು ಏನು ಸೈಟು ಅಂತಲೇ ಹೇಳಲಿಲ್ಲ.

“ಲೇ ತಮ್ಮಾ, ಒಂದು ಸೈಟು ಓಪನ್ ಆಗವಲ್ದು. ಏನ್ ಮಾಡಬೇಕು?”

“ಯಾವುದು?”

“ಯಾವುದಾದ್ರೇನು? ಆಗವಲ್ದು ಅಂದ್ರ ಆಗವಲ್ದು.”

“ಅಕ್ಕಾ, ಹೆಸರು ಹೇಳದಿದ್ರ ನಾನೇನು ಶಾಸ್ತ್ರ ನೋಡಿ ಹೇಳ್ಲಿ?” ಅಂದೆ, ಶಾಸ್ತ್ರ ಹೇಳುವವನ ದನಿಯಲ್ಲೇ.

ನಗಲಿಲ್ಲ. ಸೈಟಿನ ಹೆಸರು ಹೇಳಿದಳು. ಅಕ್ಕ–ತಮ್ಮಂದಿರ ನಡುವೆ ಇಂಥ ಮಾತು ಬರುವುದಿಲ್ಲವಲ್ಲ. ಬಂದಿತ್ತು. ಅವಳಾಗಿ ತಂದದ್ದಲ್ಲ, ಆ ಗುರಾಣಿ ಗೊಂಬೆ ತಂದದ್ದು.

“ನನ್ನ ಫೋನ್‌ನಾಗ ಡೇಟಾ ಐತಿ. ನಾ ತೆಗೆದು, ಫೋಟೋ ಹೊಡದು ಕಳಸ್ಲಾ?”

“ನೀ ಓದಿ ನನಗ ಕಳಸ್ತೀಯಾ?” ಅಂದಳು. “ಒಂದು ಓದಿದ ಮ್ಯಾಲ ಇನ್ನೊಂದು ಪ್ರಶ್ನಿ ಬರತೈತಿ. ಅದನ್ನೂ ನಿನಗ ಹೇಳ್ಬೇಕು. ಆಮ್ಯಾಲ ಇನ್ನೊಂದು. ನಂದು ಅಂತ ಏನೂ ಬ್ಯಾಡೇನು ನನಗ?”

ನ್ಯಾಯವಾದ ಮಾತು. ಅವಳ ಫೋನಿಗೆ ಬೇರೆ ಡೇಟಾ ಇಲ್ಲ, ಮನೆಯ ವೈಫೈಯೇ ಗತಿ. ಬೇರೆ ಡಿಎನ್‌ಎಸ್ ಹಾಕಿ ನೋಡಿಸಿದೆ. ನೆಟ್ಟೇ ಹೋಯಿತು. ಕೇಬಲ್ಲಿನವರು ಆ ದಾರಿಯನ್ನೂ ಮುಚ್ಚಿದ್ದರು. ಉಳಿದದ್ದು ಒಂದೇ. ಆ ಬಿಳಿ ಪರದೆಯ ಕೆಳಗೆ ಸಣ್ಣಕ್ಷರದಲ್ಲಿ ಬರೆದಿತ್ತು: ‘ತಪ್ಪಾಗಿ ತಡೆಹಿಡಿಯಲಾಗಿದೆ ಎನಿಸಿದರೆ ಅರ್ಜಿ ಸಲ್ಲಿಸಿ.’

ಅರ್ಜಿ! ಓದಲಿಕ್ಕೆ ಅರ್ಜಿ. ನಾನೇ ತುಂಬಿ ಕಳಿಸುತ್ತೇನೆ ಅಂದೆ.

ಗ್ರಾಹಕ ಸಂಖ್ಯೆ ಹಾಕಿದರೆ ಸಾಕು, ಉಳಿದ ವಿವರ ತಾನೇ ತುಂಬಿಕೊಳ್ಳುತ್ತದೆ. ಕೊನೆಯಲ್ಲಿ ಒಂದು ದೊಡ್ಡ ಖಾಲಿ ಚೌಕ: ‘ಈ ಸೈಟು ನಿಮಗೆ ಏಕೆ ಬೇಕು? ಕಾರಣ ತಿಳಿಸಿ. ಐನೂರು ಅಕ್ಷರ ಮೀರದಂತೆ.’

“ಆರೋಗ್ಯ ಅಂತ ಬರಿ, ಸಾಕು,” ಅಂದಳು ಅಕ್ಕ. ಗ್ರಾಹಕ ಸಂಖ್ಯೆ ಹೇಳಿ, ಕುಕ್ಕರ್ ಕೂಗಿತು ಅಂತ ಫೋನ್ ಇಟ್ಟಳು.

ಇಲ್ಲಿ ನನ್ನ ಪಾಪ ಶುರು.

ನನಗೆ ಖಾಲಿ ಚೌಕ ಕಂಡರೆ ಮೈಕು ಕಂಡಂತೆ. ‘ಆರೋಗ್ಯ’ ಅಂತ ಮೂರಕ್ಷರ ಬರೆದು ಇಳಿಯುವ ಜಾಯಮಾನ ನನ್ನದಲ್ಲ. ಇದನ್ನು ಓದುವುದು ಯಾವುದೋ ದೂರದ ಊರಿನ ಕಂಪ್ಯೂಟರು, ಅದಕ್ಕೇನು ತಿಳಿಯುತ್ತದೆ ಅಂದುಕೊಂಡೆ. ಹೆಚ್ಚು ಹೇಳಿದರೆ ಬೇಗ ಕರಗುತ್ತಾರೆ ಅಂತಲೂ ಅನಿಸಿತು. ಅಕ್ಕನ ದನಿಯಲ್ಲೇ ಬರೆದೆ. ‘ಮಾನ್ಯರೇ, ಇಬ್ಬರು ಹೆಣ್ಣುಮಕ್ಕಳ ತಾಯಿಯಾದ ನಾನು, ಮನೆಯವರೆಲ್ಲರ ಗಂಡುಮಗುವಿನ ಆಸೆಯ ನಡುವೆ, ಸದ್ಯಕ್ಕೆ ಗರ್ಭ ಧರಿಸದಿರಲು…’ ಹೀಗೇ ಹೋಯಿತು. ಗದ್ಗದ ಬೇರೆ. ಐನೂರು ಅಕ್ಷರವೂ ತುಂಬಿತು. ಒಂದಕ್ಷರ ವ್ಯರ್ಥ ಮಾಡಲಿಲ್ಲ. ಕಳಿಸಿ, ನನ್ನ ಕಲೆಗೆ ನಾನೇ ಮೆಚ್ಚಿಕೊಂಡು ಚಹಾ ಕುಡಿದೆ.

ತಾನೇ ತುಂಬಿಕೊಂಡ ವಿವರದಲ್ಲಿ ಯಾರ ಫೋನ್ ನಂಬರ್ ಇತ್ತು ಅಂತ ನೋಡಲಿಲ್ಲ. ಕನೆಕ್ಷನ್ ಇರುವುದು ಅಕ್ಕನ ಮಾವನ ಹೆಸರಿನಲ್ಲಿ.

ಮಾವ ನಿವೃತ್ತ ಹೆಡ್‌ಮಾಸ್ತರ್. ಒಳ್ಳೆಯ ಮನುಷ್ಯ. ಕಿವಿ ಸ್ವಲ್ಪ ಮಂದ. ಹಾಗಾಗಿ ಯಾರ ಫೋನ್ ಬಂದರೂ ಸ್ಪೀಕರ್ ಹಾಕಿ, ದನಿ ಪೂರ್ತಿ ಏರಿಸಿ, ಪಡಸಾಲೆಯ ನಡುವೆ ಇಟ್ಟುಕೊಂಡು ಮಾತಾಡುವುದು ರೂಢಿ. ನಾಲ್ಕನೆಯ ದಿನ, ಮಧ್ಯಾಹ್ನದ ಊಟದ ಹೊತ್ತಿಗೆ ಫೋನ್ ಬಂತು. ಅತ್ತೆ ಪಕ್ಕದ ಮನೆಯಾಕೆಯ ಜತೆ ಅಕ್ಕಿ ಆರಿಸುತ್ತಿದ್ದರು. ಭಾವ ಊಟಕ್ಕೆ ಬಂದು ಕೈ ತೊಳೆಯುತ್ತಿದ್ದರು. ಅಕ್ಕ ರೊಟ್ಟಿ ಬಡಿಯುತ್ತಿದ್ದಳು.

“ಸಾರ್, ಸಿರುಗುಪ್ಪದಿಂದ ನಾಗರಾಜ ರೀ, ಕೇಬಲ್ ಆಫೀಸು. ನಿಮ್ಮ ಮನಿಯಿಂದ ಒಂದು ಅರ್ಜಿ ಬಂದೈತಿ.”

“ಅರ್ಜಿ? ನಾನ್ಯಾವ ಅರ್ಜಿ ಹಾಕಿಲ್ಲಪ್ಪ.”

“ಹಾಕೀರಿ ಸಾರ್. ಓದ್ತೀನಿ ಕೇಳ್ರಿ. ಹೌದು ಅನ್ರಿ ಸಾಕು.”

“ಜೋರಾಗಿ ಓದು.”

ಜೋರಾಗಿ ಓದಿದ. ಐನೂರು ಅಕ್ಷರ. ಗದ್ಗದ ಇದ್ದ ಕಡೆ ಅವನೂ ಸ್ವಲ್ಪ ಗದ್ಗದ ಸೇರಿಸಿದನಂತೆ. ಕೊನೆಗೆ ಮಾವ ಹೂಂ ಅಂದು ಫೋನ್ ಇಟ್ಟರಂತೆ.

ಅವತ್ತೇ ಸಂಜೆ ಅಕ್ಕ ಫೋನಿನಲ್ಲಿ ಹೇಳಿದಳು, “ರೊಟ್ಟಿ ಹಂಚಿನ ಮ್ಯಾಲ ಸುಟ್ಟು ಕರಿ ಆತು. ನಾ ತಿರುವಿ ಹಾಕಲಿಲ್ಲ. ಒಳಗಿಂದ ಹೊರಗ ಬಂದ್ರ ಎಲ್ಲಾರೂ ನನ್ನ ಮುಖ ನೋಡ್ತಾರಂತ ಅಲ್ಲೇ ನಿಂತಿದ್ದೆ.”

ಆಮೇಲೆ ಒಂದೇ ಮಾತು ನನಗೆ: “ನಾ ಯಾವತ್ತರ ಹಂಗ ಮಾತಾಡೇನೇನೋ? ಮಾನ್ಯರೇ ಅಂತೀನೇನು ನಾನು?”

ಊರಿನ ಎಲ್ಲರ ದನಿಯನ್ನೂ ಅಣಕಿಸಿದ್ದೇನೆ. ಯಾರೂ ಇಷ್ಟು ಮೆಲ್ಲಗೆ ಬೈದಿರಲಿಲ್ಲ.

ಸಿಟ್ಟು ಎಲ್ಲಿಗೆ ತಿರುಗಬೇಕು? ನನ್ನ ಮೇಲೆ ತಿರುಗಿದರೆ ನೋಯುತ್ತದೆ. ಹಾಗಾಗಿ ಮರುದಿನ ಸಿರುಗುಪ್ಪದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಭತ್ತದ ಗದ್ದೆ. ಕಿಟಕಿ ಪಕ್ಕ ಕೂತು ಬೈಗುಳದ ರಿಹರ್ಸಲ್ ಮಾಡಿದೆ. ತಹಶೀಲ್ದಾರನ ದನಿಯಲ್ಲಿ ಬಯ್ಯಲೋ, ವಕೀಲನ ದನಿಯಲ್ಲೋ ಅಂತ ಇಳಿಯುವವರೆಗೂ ಬಗೆಹರಿಯಲಿಲ್ಲ.

ನಾಗರಾಜ ಅಲ್ಲೇ ಪಕ್ಕದ ಕರೂರಿನ ಹುಡುಗ. ನನ್ನನ್ನು ಕಂಡವನೇ ಕುರ್ಚಿ ಬಿಟ್ಟೆದ್ದ.

“ಅಣ್ಣಾ! ಆಟೋ ಅಜ್ಜ! ಬರ್ರಿ ಬರ್ರಿ. ಒಂದ್ಸಲ ಆ ಪೊಲೀಸನ ದನಿ ಮಾಡ್ರಿ, ನಮ್ಮ ಹುಡುಗರು ಕೇಳ್ಲಿ.”

ಬೈಯಲು ಬಂದವನಿಗೆ ಅಭಿಮಾನಿ ಸಿಕ್ಕರೆ ಏನು ಮಾಡಬೇಕು? ಬಯ್ದೆ. ಆದರೆ ಉಮೇದು ಅರ್ಧಕ್ಕೆ ಇಳಿದಿತ್ತು.

“ಅಲ್ಲಪ್ಪಾ, ಒಬ್ಬ ಹೆಣ್ಣುಮಗಳ ಗುಟ್ಟಿನ ವಿಷಯ ಹಂಗ ಫೋನ್‌ನಾಗ ಒದರಿ ಹೇಳ್ತಾರೇನು?”

“ನಾ ಏನ್ ಮಾಡ್ಲಿ ಅಣ್ಣಾ? ರೂಲ್ ಐತಿ. ಕನೆಕ್ಷನ್ ಯಾರ ಹೆಸರಿಲೆ ಐತೋ ಅವರಿಗೆ ಫೋನ್ ಮಾಡ್ಬೇಕು, ಕಾರಣ ಓದಿ ಹೇಳ್ಬೇಕು, ಹೌದು ಅನಿಸ್ಕೋಬೇಕು. ಆಮ್ಯಾಲೇ ಮ್ಯಾಲಕ್ಕ ಕಳಸೋದು.”

“ಮ್ಯಾಲಕ್ಕ ಅಂದ್ರ ಯಾರು?”

“ಮ್ಯಾಲಿನವರು.”

“ಅವರಾ ಮುಚ್ಚಿದ್ದು ಆ ಸೈಟು?”

“ಇಲ್ಲ. ಪಟ್ಟಿ ಮಾಡೋರು ಬ್ಯಾರೆ.”

“ಪಟ್ಟಿ ಎಲ್ಲೈತಿ? ತೋರ್ಸು.”

“ಪಟ್ಟಿ ತೋರ್ಸಂಗಿಲ್ಲಣ್ಣಾ. ಅದು ಸೀಕ್ರೆಟ್ಟು.”

ಕೇಳಿಸಿಕೊಂಡಿರಾ? ಅವರು ಏನೇನು ಮುಚ್ಚಿದ್ದಾರೆ ಅನ್ನುವುದು ಗುಟ್ಟು. ನಾವು ಏಕೆ ತೆರೆಯಬೇಕು ಅನ್ನುವುದು ಮಾತ್ರ ಪಡಸಾಲೆಯಲ್ಲಿ ಸ್ಪೀಕರು.

ನನ್ನನ್ನು ಸಮಾಧಾನ ಮಾಡಲು ನಾಗರಾಜ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದ. “ನೋಡ್ರಿ, ನಿಮ್ಮಕ್ಕಾರದ್ದು ಒಂದೇ ಅಲ್ಲ. ಎಷ್ಟು ಅದಾವು ನೋಡ್ರಿ.”

ನೋಡಬಾರದಿತ್ತು. ಕಣ್ಣು ಕೇಳಲಿಲ್ಲ. ಒಂದರ ಕೆಳಗೊಂದು ಹೆಸರು, ಊರು, ಸೈಟು, ಕಾರಣ. ಯಾರೋ ತೆಲುಗು ಸೀರಿಯಲ್ಲಿಗೆ ಬೇಡಿಕೊಂಡಿದ್ದರು. ಕೆಳಗೆ ಇನ್ನೊಂದು. ಕುಡಿತ ಬಿಡಿಸುವ ಕೇಂದ್ರದ ಸೈಟು, ‘ಮದ್ಯ’ ಅನ್ನುವ ವರ್ಗದಲ್ಲಿ ಬಂದ್. (ಕುಡಿಯುವುದೂ ಮದ್ಯ, ಬಿಡುವುದೂ ಮದ್ಯ. ಫಿಲ್ಟರಿಗೆ ಎರಡೂ ಒಂದೇ.) ಕಾರಣ: ‘ಬಿಡಬೇಕು ಅಂತ ಮಾಡೀನಿ.’ ಅಷ್ಟೇ. ನನ್ನ ಐನೂರಕ್ಷರದ ಹಾಗಲ್ಲ.

ಹೆಸರನ್ನೂ ಓದಿಬಿಟ್ಟೆ. ಬಳ್ಳಾರಿಯವರು. ನನಗೆ ಗೊತ್ತಿರುವವರು. ಎಷ್ಟು ಗೊತ್ತು ಅಂದರೆ, ಅವರು ತೂರಾಡಿಕೊಂಡು ಮನೆ ಗೇಟು ಹುಡುಕುವುದನ್ನು ನಾನು ಎಷ್ಟೋ ಮದುವೆಗಳಲ್ಲಿ ಮಾಡಿ ತೋರಿಸಿದ್ದೇನೆ. ಭಾರಿ ಚಪ್ಪಾಳೆ ಬೀಳುವ ಐಟಂ ಅದು. ಇನ್ನು ಅದನ್ನು ಮಾಡುವುದು ಹೇಗೆ? ಅವರು ಎದುರಿಗೆ ಬಂದರೆ ಯಾವ ಮುಖ ಇಟ್ಟುಕೊಳ್ಳಲಿ? ‘ಬಿಡ್ರಿ ಅಣ್ಣಾರೇ, ಒಳ್ಳೇದಾಗ್ತದ’ ಅನ್ನುವ ಹಾಗೂ ಇಲ್ಲ. ಅವರು ನನಗೆ ಹೇಳೇ ಇಲ್ಲವಲ್ಲ.

ಒಂದು ಪರದೆ ತಿರುಗಿಸಿದ್ದಕ್ಕೆ ಇಷ್ಟು. ಲಕ್ಷ ಮನೆಗಳ ಓಡಾಟ ಒಂದೇ ಕಡೆ ಗುಡ್ಡೆ ಬಿದ್ದರೆ, ಅದನ್ನು ಯಾರ ಕಡೆ ತಿರುಗಿಸುತ್ತಾರೋ?

ವಿದೇಶಿ ಕಂಪನಿ ನೋಡಿದರೆ ಸರಿಯೇ ಅಂತ ನೀವು ಕೇಳಬಹುದು. ಸರಿಯಲ್ಲ. ಅವನು ನಾನು ನೋಡಿದ್ದನ್ನು ನೋಡಿ ನನಗೆ ಫ್ರಿಜ್ಜು ಮಾರಲು ಬರುತ್ತಾನೆ. ಕಿರಿಕಿರಿ. ಆದರೆ ಅವನ ಕೈಯಲ್ಲಿ ನನ್ನ ರೇಷನ್ ಕಾರ್ಡಿಲ್ಲ, ಪಹಣಿ ಇಲ್ಲ, ಪೊಲೀಸ್ ಠಾಣೆ ಇಲ್ಲ. ಎಲ್ಲವೂ ಇರುವ ಕೈಗೆ ಇದನ್ನೂ ಇಡುವ ಮೊದಲು ನಾಲ್ಕು ಪ್ರಶ್ನೆ ಕೇಳಬೇಡವೇ? ಏನು ಬರೆದಿಡುತ್ತೀರಿ, ಎಷ್ಟು ದಿನ ಇಡುತ್ತೀರಿ, ಯಾರಿಗೆ ತೋರಿಸುತ್ತೀರಿ, ಬೇಡ ಅಂದವನಿಗೆ ಬಿಡುಗಡೆ ಇದೆಯೇ. ಇವತ್ತು ಹೆಂಗಸರ ಆರೋಗ್ಯದ ಸೈಟು ತಪ್ಪಿ ಮುಚ್ಚಿತು. ನಾಳೆ ಯಾರನ್ನೋ ಟೀಕಿಸಿದ ಸೈಟು ತಪ್ಪದೆ ಮುಚ್ಚಿದರೆ, ಎರಡಕ್ಕೂ ಬರುವುದು ಅದೇ ಗುರಾಣಿ ಗೊಂಬೆ. ವ್ಯತ್ಯಾಸ ನಮಗೆ ಹೇಗೆ ತಿಳಿಯಬೇಕು?

ಇದನ್ನೆಲ್ಲ ನಾಗರಾಜನಿಗೆ ಹೇಳಿದೆ. ಅವನು ಶ್ರದ್ಧೆಯಿಂದ ಕೇಳಿದ. ಆಮೇಲೆ, “ಅಣ್ಣಾ, ಹೋಗೋಕ ಮುಂಚೆ ಆ ಪೊಲೀಸನ ದನಿ…” ಅಂದ.

ಮಾಡಿ ತೋರಿಸಿ ಬಂದೆ. ಏನು ಮಾಡಲಿ? ಸುಸ್ತಾಗಿತ್ತು.

ಅದಾಗಿ ನಾಲ್ಕೈದು ದಿನಕ್ಕೆ, ಆ ಸುಸ್ತಿನಲ್ಲೇ ಶನಿವಾರ ಕುರುಗೋಡಿಗೆ ಹೋದದ್ದು. ಆಟೋದಿಂದ ತಪ್ಪಿಸಿಕೊಂಡು ಅಕ್ಕನ ಮನೆ ಸೇರಿದರೆ, ಪಡಸಾಲೆಯಲ್ಲಿ ಮಾವ ಪೇಪರ್ ಹಿಡಿದು ಕೂತಿದ್ದರು. ಬಾ ಅಂದರು. ನೀರು ಕೊಡಿಸಿದರು. ಆಮೇಲೆ, ನಾನು ಬರುವುದನ್ನೇ ಕಾಯುತ್ತಿದ್ದವರ ಹಾಗೆ ಶುರು ಮಾಡಿದರು.

“ನೋಡಪ್ಪಾ, ತಪ್ಪು ಮಾಡದವರಿಗೆ ಅಂಜಿಕಿ ಯಾಕ? ಸರ್ಕಾರ ನೋಡ್ಲಿ ಬಿಡು. ನನ್ನ ಫೋನ್‌ನಾಗ ಏನೈತಿ ಮುಚ್ಚಿಡೋದು?”

“ಮಾವ, ನೀವು ಎಷ್ಟು ಇಲೆಕ್ಷನ್ ಡ್ಯೂಟಿ ಮಾಡೀರಿ?”

“ಲೆಕ್ಕ ಇಟ್ಟಿಲ್ಲಪ್ಪ. ಸರ್ವೀಸ್ ಪೂರಾ ಮಾಡೀನಿ.”

“ವೋಟಿನ ಮೆಷಿನ್ ಸುತ್ತ ಆ ರಟ್ಟಿನ ಮರೆ ನಿಲ್ಲಸ್ತಿದ್ರಲ್ಲ, ಯಾಕ?”

“ಯಾರಿಗೂ ಕಾಣಬಾರದಲ್ಲ. ರೂಲ್ ಅದು.”

“ಅದರ ಹಿಂದ ನಿಂತೋರು ತಪ್ಪು ಮಾಡ್ತಿದ್ರೇನು?”

ಮಾವ ಪೇಪರ್ ಮಡಚಿದರು. ಮತ್ತೆ ಬಿಚ್ಚಿದರು.

“ಅದು ಬ್ಯಾರೆ,” ಅಂದರು.

ಬೇರೆಯೇ ಇರಬೇಕು. ವಾದ ಗೆಲ್ಲುವಷ್ಟು ತ್ರಾಣ ನನಗಿರಲಿಲ್ಲ. ನಮ್ಮ ಜನರಿಗೆ ಗುಟ್ಟು, ಪ್ರೈವೆಸಿ ಇವೆಲ್ಲ ಗೊತ್ತಿಲ್ಲ, ಅದು ಪೇಟೆಯವರ ಖಯಾಲಿ ಅಂತ ಟಿವಿ ಚರ್ಚೆಗಳಲ್ಲಿ ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಅವತ್ತು ಅದೂ ಸುಳ್ಳಾಯಿತು. ಭಾವ ಸ್ಕೂಟರ್ ಕೀಲಿ ಹಿಡಿದು ಹೊರಟಾಗ ನಾನು ಬಾಯಿ ತಪ್ಪಿ, “ಎಲ್ಲಿಗೆ ಹೊಂಟ್ರಿ ಭಾವ?” ಅಂದೆ. ಒಳಗಿಂದ ಅತ್ತೆ ಗದರಿದರು:

“ಹೊಂಟೋರನ್ನ ಎಲ್ಲಿಗೆ ಅಂತ ಕೇಳ್ತಾರೇನೋ? ನಿಮ್ಮವ್ವ ಕಲಿಸಿಲ್ಲೇನು? ದೂರ ಹೊಂಟ್ರೇನು ಅನ್ನಬೇಕು.”

ನಿಮ್ಮ ಮನೆಯಲ್ಲೂ ಇದೆಯಲ್ಲವೇ ಈ ಪದ್ಧತಿ? ‘ಎಲ್ಲಿಗೆ’ ಅಂದರೆ ಹೋದ ಕೆಲಸ ಆಗುವುದಿಲ್ಲ ಅನ್ನುತ್ತಾರೆ. ನಾನು ಅದನ್ನು ಮೂಢನಂಬಿಕೆ ಅಂತ ಸ್ಟೇಜಿನ ಮೇಲೆ ನಗಿಸಿದ್ದೇನೆ. ಈಗ ನೋಡಿದರೆ ಎಂಥ ನಯ! ‘ದೂರ ಹೊಂಟ್ರೇನು?’ ಅಂದರೆ, ಹೌದು ಅನ್ನಬಹುದು, ಇಲ್ಲ ಅನ್ನಬಹುದು, ಇಲ್ಲೇ ಹೀಗೆ ಅಂತ ತೇಲಿಸಬಹುದು. ಹೇಳುವಷ್ಟು ಹೇಳಿ ಉಳಿದದ್ದನ್ನು ಇಟ್ಟುಕೊಳ್ಳಲು ಜಾಗ ಬಿಟ್ಟು ಕೇಳುವ ಪ್ರಶ್ನೆ ಅದು. ತೆಲುಗಿನವರ ಮನೆಗಳಲ್ಲೂ ಇದೇ ರಿವಾಜು. ಹೊಸ್ತಿಲು ದಾಟುವವರಿಗೆ ನಮ್ಮ ಮುದುಕಿಯರು ಕೊಟ್ಟ ಈ ಮರ್ಯಾದೆಯನ್ನು, ಫೋನು ದಾಟುವವರಿಗೆ ಇಷ್ಟೆಲ್ಲ ಓದಿದವರಿಂದ ಕೊಡಲು ಆಗುತ್ತಿಲ್ಲ.

ಅತ್ತೆಯನ್ನು ಹೊಗಳಿಬಿಡೋಣ ಅನಿಸಿತು. ಅಷ್ಟರಲ್ಲಿ ಅಕ್ಕ ಹಿತ್ತಿಲಿಗೆ ಕರೆದಳು.

ಬಟ್ಟೆ ಒಣಹಾಕುತ್ತಿದ್ದಳು. ಮಕ್ಕಳ ಯೂನಿಫಾರಂ. ಕ್ಲಿಪ್ಪು ಹಿಡಿದುಕೊಂಡು ಪಕ್ಕದಲ್ಲಿ ನಿಂತೆ.

“ತಪ್ಪಾತು ಅಕ್ಕಾ.”

“ಹೂಂ.”

“ಬೈಯರ ಬೈ.”

“ಬೈದು ಬೈದು ಎಲ್ಲಾರೂ ಮುಗಿಸ್ಯಾರ. ಬಾಯ್ಲೆ ಬೈಯದೋರು ಮಾತು ಬಿಟ್ಟು ಬೈದಾರ.” ಅಂಗಿ ಜಾಡಿಸಿದಳು. “ಮೂರು ದಿನ ಅತ್ತಿ ನನ್ನ ಕೂಡ ಮಾತಾಡ್ಲಿಲ್ಲ. ನಾಕನೇ ದಿನ ಮಾತಾಡಿದ್ರು. ದೇವರಿಗೆ ಹರಕಿ ಹೊರತೀನಿ, ನೀ ಏನೂ ಹಾಕಿಸ್ಕೋಬ್ಯಾಡ ಅಂದ್ರು. ಮಾವ ಒಂದು ವರ್ಷ ತಡಿ ಅಂದ್ರು. ಬಾಜೂ ಮನಿಯಾಕಿ, ಅದು ಹಾಕಿಸ್ಕೊಂಡ್ರ ಮೈ ಊದತೈತಿ ಅಂದ್ಲು. ಆಕಿಗೆ ಯಾರು ಹೇಳಿದ್ರೋ, ಆಕಿ ನಾದಿನಿ ಮೊನ್ನೆ ಬಂದು ಆಪರೇಷನ್ನೇ ಮಾಡಿಸ್ಕೊ ಅಂದ್ಲು.”

“ಭಾವ?”

ಅವಳು ಇನ್ನೊಂದು ಅಂಗಿ ಹಗ್ಗಕ್ಕೆ ಹಾಕಿದಳು.

“ಯಾಕ ನನಗ ಮೊದಲ ಹೇಳ್ಲಿಲ್ಲ ಅಂತ ಕೇಳಿದ್ರು. ಹೇಳಾಕಂತನ ಓದಾಕ ಹೋಗಿದ್ದೆ ಅಂದೆ. ನಂಬಿದ್ರೋ ಇಲ್ಲೋ.”

ನಾನು ಎಷ್ಟೋ ಲೇಖನ ಓದಿದ್ದೆ ಈ ಪ್ರೈವೆಸಿ ಅನ್ನುವುದರ ಬಗ್ಗೆ. ಯಾವುದರಲ್ಲೂ ಈ ಮಾತಿರಲಿಲ್ಲ. ಗಂಡನಿಗೆ ಹೇಳುವ ಮೊದಲು ತನಗೆ ತಾನು ಹೇಳಿಕೊಳ್ಳಲು ಅವಳಿಗೆ ನಾಲ್ಕು ದಿನ ಬೇಕಿತ್ತು. ಒಂದು ಪುಟ ಓದಿ, ಪಾತ್ರೆ ತೊಳೆಯುತ್ತಾ ಯೋಚಿಸಿ, ಇನ್ನೊಂದು ಪುಟ ಓದಿ. ಆಮೇಲೆ ಹೇಳುತ್ತಿದ್ದಳು, ತನ್ನ ಮಾತಿನಲ್ಲಿ, ತನಗೆ ಸರಿ ಕಂಡ ಹೊತ್ತಿನಲ್ಲಿ. ಈಗ ಅದೇ ವಿಷಯ ಮನೆಯಲ್ಲಿ ಎಲ್ಲರ ಬಾಯಲ್ಲಿದೆ. ಶುರು ಮಾಡಿದವಳ ಬಾಯಲ್ಲಿ ಮಾತ್ರ ಇಲ್ಲ.

“ಇದನ್ನ ಬರೀಲಾ ಪೇಪರಿಗೆ?” ಕೇಳಿದೆ. ನಾಚಿಕೆ ಬಿಟ್ಟೇ ಕೇಳಿದೆ.

“ಬರಿ. ಊರಿಗೆಲ್ಲಾ ಗೊತ್ತಾಗೈತಿ, ಪೇಪರಿಗೊಂದು ಬಾಕಿ.” ಆಮೇಲೆ ನನ್ನ ಕೈಯಿಂದ ಕ್ಲಿಪ್ಪು ಕಿತ್ತುಕೊಂಡು, “ನನ್ನಂಗ ಬರಿಬ್ಯಾಡ ಮತ್ತ. ನಿನ್ನಂಗ ಬರಿ,” ಅಂದಳು.

ಒಳಗೆ ಬಂದೆವು. ಊಟದ ಹೊತ್ತು. ಭಾವ ವಾಪಸ್ಸು ಬಂದಿದ್ದರು. ಅತ್ತೆ ತಟ್ಟೆ ಇಡುತ್ತಿದ್ದರು. ಮಾವನ ಫೋನು ಟಿಂಗ್ ಅಂತು. ಮೆಸೇಜು ಬಂದರೂ ಗಟ್ಟಿಯಾಗಿ ಓದುವುದು ಮಾಸ್ತರಿಕೆಯ ಅಭ್ಯಾಸ. ಓದಿದರು:

“ಪ್ರಿಯ ಗ್ರಾಹಕರೇ, ನಿಮ್ಮ ಕೋರಿಕೆಯನ್ನು ಪರಿಶೀಲಿಸಿ ಸದರಿ ಸೈಟನ್ನು ತೆರೆಯಲಾಗಿದೆ. ನಿಮ್ಮ ಸಮಸ್ಯೆ ಬಗೆಹರಿದಿದ್ದರೆ ಒಂದು, ಇಲ್ಲದಿದ್ದರೆ ಎರಡು ಕಳುಹಿಸಿ.”

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. ಯಾರಾದರೂ ತಿರುಗಿ ಅವಳ ಕಡೆ ನೋಡುತ್ತಾರೆ ಅಂತ ನಾನು ಕಾದೆ.

ಮಾವ ಕನ್ನಡಕ ಏರಿಸಿಕೊಂಡು, ಯಾರನ್ನೂ ಕೇಳದೆ, ಒಂದು ಒತ್ತಿದರು.